ಲಾಸ್ಯಳನ್ನು ಮಡಿಲಿಗೆ ಹಾಕಿದ್ದು

ಮಾತು ಕಲಿಸುವ ಪಾಠಕ್ಕೆ ಮುಕ್ಕಾಲು ಗಂಟೆಗೆ ಸಾವಿರದ ನೂರು ರೂಪಾಯಿ. ಕೈಕಾಲು ಹದಕ್ಕೆ ತರುವ ಇನ್ನೊಂದು ಪಾಠಕ್ಕೆ ಸಾವಿರ. ಜಕ್ಕೂರಿನಿಂದ ಗಂಗಾನಗರಕ್ಕೆ ಹೋಗಿಬರುವ ಆಟೋಗೆ, ಹೆಬ್ಬಾಳದ ಮೇಲುಸೇತುವೆಯಲ್ಲಿ ಸಿಕ್ಕಿಹಾಕಿಕೊಳ್ಳದಿದ್ದರೆ, ನಾನೂರು. ಹೀಗೆ ವಾರಕ್ಕೆ ಮೂರು ದಿನ. ದ್ರೌಪದಮ್ಮ ಇದನ್ನೆಲ್ಲ ಹಾಲಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಮೊಮ್ಮಗಳ ಒಂದು ದಿನದ ಪಾಠ ಎಂದರೆ ಐವತ್ತು ಲೀಟರು ಹಾಲು. ಅವಳ ಒಂಟಿ ಹಸು ಎಷ್ಟು ಚೆನ್ನಾಗಿ ಮೇಯಿಸಿದರೂ ದಿನಕ್ಕೆ ಒಂಬತ್ತು ಲೀಟರು ದಾಟಿದ್ದಿಲ್ಲ. ತಿಂಗಳಿಗೆ ಮೂವತ್ತು ಸಾವಿರ ಎನ್ನುವ ಹೊತ್ತಿಗೆ ಹಾಲಿನ ಲೆಕ್ಕ ಸಾಲದೆ ಅವಳು ಸುಮ್ಮನಾಗುತ್ತಿದ್ದಳು.

ಮೊಮ್ಮಗಳು ಲಾಸ್ಯ, ಎರಡನೆಯ ಮಗ ಬಾಲರಾಜನ ಒಬ್ಬಳೇ ಮಗಳು. ನಾಲ್ಕು ತುಂಬಿದರೂ ಒಂದು ಮಾತು ಆಡಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಸ್ಟೀಲು ಲೋಟಗಳನ್ನು ನಡುಮನೆಯ ಉದ್ದಕ್ಕೂ ಸಾಲಾಗಿ ಇಡುವಳು. ಯಾರಾದರೂ ಒಂದನ್ನು ಎತ್ತಿದರೆ ಉಸಿರು ಕಟ್ಟುವ ಹಾಗೆ ಅಳುವಳು. ಅದಕ್ಕೆ ಆಟಿಸಂ ಎನ್ನುತ್ತಾರೆ, ಮಾತ್ರೆ ಟಾನಿಕ್ಕು ಯಾವುದೂ ಇಲ್ಲ, ಪಾಠವೇ ಔಷಧ, ಚಿಕ್ಕವಳಿರುವಾಗಲೇ ಆಗಬೇಕು ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಏಳು ತಿಂಗಳು ಪಾಠ ನಡೆಯಿತು. ಮೊದಲು ಮಗುವಿನ ತಾಯಿ ಶಿಲ್ಪಳ ಬಳೆ ಹೋದವು, ಆಮೇಲೆ ದ್ರೌಪದಮ್ಮನ ಕಾಸಿನ ಸರ. ಮಗು ಮುಖ ನೋಡಿ ನಗುವಷ್ಟರ ಮಟ್ಟಿಗೆ ಬಂದಿತ್ತು. ದುಡ್ಡು ಮುಗಿಯಿತು, ಪಾಠ ನಿಂತಿತು. ಸ್ವಲ್ಪ ದಿನಕ್ಕೇ ಲಾಸ್ಯ ಮತ್ತೆ ಗೋಡೆಯ ಕಡೆ ತಿರುಗಿ ಕೂತಳು.

ಬಾಲರಾಜ ಅಪಾರ್ಟ್‌ಮೆಂಟುಗಳಿಗೆ ನೀರಿನ ಟ್ಯಾಂಕರ್ ಓಡಿಸುವವನು. ಬೇಸಿಗೆಯಲ್ಲಿ ಕೈ ತುಂಬ ಕೆಲಸ, ಮಳೆಗಾಲದಲ್ಲಿ ಕಂತು ಕಟ್ಟುವುದೇ ಕಷ್ಟ. ಅವನೂ ಒಂದು ಆರೋಗ್ಯ ವಿಮೆ ಮಾಡಿಸಿದ್ದ, ವರ್ಷ ತಪ್ಪದೆ ಕಟ್ಟಿದ್ದ. ಬಿಲ್ಲುಗಳನ್ನೆಲ್ಲ ಕಳಿಸಿದ್ದಕ್ಕೆ ಆಗುವುದಿಲ್ಲ ಎಂದು ವಾಪಸ್ಸು ಬಂದವು. ಏಜೆಂಟನೇ ಮನೆಗೆ ಬಂದು, ಕಾಫಿ ಕುಡಿಯುತ್ತ, ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಬರುತ್ತದೆ, ಬಂದು ಹೋಗುವ ಚಿಕಿತ್ಸೆಗೆ ಬರುವುದಿಲ್ಲ ಎಂದು ವಿವರಿಸಿದ.

"ಮಾತು ಕಲ್ಸೋಕೆ ಮಗೀನ ಆಸ್ಪತ್ರೆ ಮಂಚದ ಮೇಲೆ ಮಲಗಿಸ್ಬೇಕೇನಪ್ಪ?" ಎಂದು ದ್ರೌಪದಮ್ಮ ಕೇಳಿದಳು. ಅವನು ನಕ್ಕು, ಲೋಟ ಕೆಳಗಿಟ್ಟು, ಬರುವ ವರ್ಷದ ಕಂತಿನ ದಿನ ನೆನಪಿಸಿ ಹೋದ.

ದೊಡ್ಡ ಮಗ ರಘುನಾಥ ದೇವನಹಳ್ಳಿ ರಸ್ತೆಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯ ಸ್ಟೋರಿನಲ್ಲಿದ್ದ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ, ತಮ್ಮ ಕಂಪನಿಯ ವಿಮೆಯಲ್ಲಿ ಈ ವರ್ಷದಿಂದ ಇಂಥ ಮಕ್ಕಳ ಪಾಠಕ್ಕೂ ದುಡ್ಡು ಕೊಡುತ್ತಿದ್ದಾರೆ, ವರ್ಷಕ್ಕೆ ಎರಡು ಲಕ್ಷ, ಜೊತೆಯವನೊಬ್ಬನ ಮಗನಿಗೆ ಬರುತ್ತಿದೆ ಎಂದ. ಏನೋ ಸುದ್ದಿ ಹೇಳುವಂತೆ ಹೇಳಿಬಿಟ್ಟ. ತಮ್ಮನ ಕೈಯಲ್ಲಿ ಮುದ್ದೆ ನಿಂತದ್ದು ನೋಡಿ, ಹೇಳಬಾರದಿತ್ತು ಎನಿಸಿತು.

ಸಾರು ಬಡಿಸುತ್ತಿದ್ದ ಶಿಲ್ಪ ಕೇಳಿದಳು. "ತಮ್ಮನ ಮಕ್ಳಿಗೂ ಬರುತ್ತಾ ಭಾವ?"

"ಇಲ್ಲಮ್ಮ. ನಾನು, ಹೆಂಡ್ತಿ, ನನ್ನ ಮಕ್ಕಳು. ಅಷ್ಟೆ."

ದ್ರೌಪದಮ್ಮನ ತಲೆಯಲ್ಲಿ ಅದು ಅಲ್ಲಿಂದಲೇ ಶುರುವಾಯಿತು. ಅವಳ ಗಂಡ ಬ್ಯಾಟರಾಯಪ್ಪನನ್ನೇ ಚಿಕ್ಕಂದಿನಲ್ಲಿ ಮಕ್ಕಳಿಲ್ಲದ ದೊಡ್ಡಪ್ಪನ ಮಡಿಲಿಗೆ ಹಾಕಿದ್ದರು. ಎದುರು ಬದುರು ಮನೆ. ಹುಡುಗ ಅಲ್ಲಿ ಉಂಡು ಇಲ್ಲಿ ಮಲಗುತ್ತಿದ್ದನಂತೆ. ಅವಳ ತವರಿನ ಹುಣಸಮಾರನಹಳ್ಳಿಯಲ್ಲೂ ಅಂಥವರು ಇಬ್ಬರಿದ್ದರು. ಅವಳ ಮಟ್ಟಿಗೆ ಅದು ಒಂದು ಮನೆಯ ಪಾತ್ರೆಯನ್ನು ಇನ್ನೊಂದು ಮನೆಯವರು ತೊಳೆದಿಟ್ಟ ಹಾಗೆ. ಇಲ್ಲಿ ಎದುರು ಮನೆಯೂ ಅಲ್ಲ, ಒಂದೇ ಮನೆ. ರಘುನಾಥನಿಗೆ ಒಬ್ಬ ಮಗ, ತುಮಕೂರಿನ ಹಾಸ್ಟೆಲಿನಲ್ಲಿ ಡಿಪ್ಲೊಮಾ ಓದುತ್ತಿದ್ದ. ಹೆಣ್ಣುಮಗು ಬೇಕೆಂದು ಹಿರಿಸೊಸೆ ಧನಲಕ್ಷ್ಮಿ ಎಷ್ಟು ಹರಕೆ ಹೊತ್ತಿದ್ದಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೂರು ದಿನ ಹಸುವಿನ ಮೈ ತಿಕ್ಕುತ್ತ ಯೋಚಿಸಿ, ನಾಲ್ಕನೆಯ ದಿನ ಎಲ್ಲರೂ ಇದ್ದಾಗ ದ್ರೌಪದಮ್ಮ ಬಾಯಿಬಿಟ್ಟಳು. ಲಾಸ್ಯಳನ್ನು ರಘುನಾಥನಿಗೆ ದತ್ತು ಕೊಟ್ಟುಬಿಡೋಣ.

ಮೊದಲು ಸಿಡುಕಿದವನು ಬ್ಯಾಟರಾಯಪ್ಪ. "ಇನ್ಸೂರೆನ್ಸಿಗೆ ಮಗೀನ ದತ್ತು ಕೊಡೋದು ಯಾವ ಶಾಸ್ತ್ರದಾಗೈತೆ?"

"ನಿಮ್ಮನ್ನ ದೊಡ್ಡಪ್ಪನ ಎಲ್ಡ್ ಎಕರೆಗೆ ಕೊಡ್ಲಿಲ್ವಾ? ಏನಾಯ್ತು ಈಗ?"

"ಏನಾಯ್ತು ಅಂತ ನನ್ ಹೆತ್ತವ್ವನ್ನ ಕೇಳ್ಬೇಕಿತ್ತು ನೀನು."

ತೀರಿಹೋಗಿ ಎಷ್ಟೋ ಕಾಲವಾದವಳನ್ನು ಕೇಳುವುದು ಎಲ್ಲಿಂದ ಎಂದು ದ್ರೌಪದಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಬಾಲರಾಜ ಎದ್ದು ನಿಂತಿದ್ದ. ತನ್ನ ಮಗಳಿಗೆ ತಾನೇ ಅಪ್ಪ, ಟ್ಯಾಂಕರ್ ಮಾರಿಯಾದರೂ ಕಲಿಸುತ್ತೇನೆ ಎಂದ.

"ಮಾರಿ ಒಂದೊರ್ಸ ಕಲಿಸ್ತೀಯ. ಆಮ್ಯಾಕೆ ಹೆಂಡ್ತಿ ಮಗೀಗೆ ಏನ್ ತಿನ್ನಿಸ್ತೀಯ?"

ಬಾಲರಾಜ ಮತ್ತೆ ಕೂತುಕೊಂಡ. ರಘುನಾಥನಿಗೆ ಬೇರೆ ಭಯ. ಸುಳ್ಳು ಕಾಗದ ಮಾಡಿದ್ದಾರೆ ಎಂದು ಕಂಪನಿಯಲ್ಲಿ ಯಾರಾದರೂ ಎತ್ತಿ ಆಡಿದರೆ ಇಪ್ಪತ್ತು ವರ್ಷದ ಕೆಲಸ ಹೋದಂತೆ. ಧನಲಕ್ಷ್ಮಿ ಗೋಡೆಗೆ ಒರಗಿ, ಲೋಟ ಜೋಡಿಸುತ್ತಿದ್ದ ಮಗುವನ್ನೇ ನೋಡುತ್ತಿದ್ದಳು.

ದಂಟಿನ ಸೊಪ್ಪು ಬಿಡಿಸುತ್ತಿದ್ದ ಶಿಲ್ಪ ತಲೆ ಎತ್ತದೆ ಕೇಳಿದಳು. "ಪೇಪರಲ್ಲಿ ತಾನೆ ಅತ್ತೆ?"

"ಪೇಪರ್‌ನಾಗೇ ಕಣಮ್ಮ. ಒಲೆ ಒಂದೇ, ಬಾಗಿಲು ಒಂದೇ. ನಿನ್ ಪಕ್ಕದಾಗೇ ಮಲಗ್ತಾಳೆ."

"ಹಾಗಾದ್ರೆ ಬೇಗ ಮಾಡ್ಸಿ."

ಹೆತ್ತವಳೇ ಹಾಗೆಂದ ಮೇಲೆ ಉಳಿದವರ ಮಾತಿಗೆ ತೂಕವಿರಲಿಲ್ಲ.

ಯಲಹಂಕದಲ್ಲಿ ಪತ್ರ ಬರೆಯುವ ಲಕ್ಕಣ್ಣ ಬ್ಯಾಟರಾಯಪ್ಪನಿಗೆ ಹಳೆಯ ಪರಿಚಯ. ಅವನು ಎಲ್ಲ ಕೇಳಿಕೊಂಡು, ಇದರಲ್ಲಿ ಕಳ್ಳತನವೇನೂ ಇಲ್ಲ, ಹೆಣ್ಣುಮಕ್ಕಳಿಲ್ಲದವರು ಹೆಣ್ಣನ್ನು ದತ್ತು ತೆಗೆದುಕೊಳ್ಳಲು ಕಾನೂನು ಒಪ್ಪುತ್ತದೆ, ಆದರೆ ಕೊಟ್ಟದ್ದು ನಿಜವಾಗಿ ಕೊಟ್ಟದ್ದೇ ಆಗಿರಬೇಕು ಎಂದ. ಆಮೇಲೆ ಕನ್ನಡಕ ತೆಗೆದು ಅಣ್ಣತಮ್ಮಂದಿರಿಬ್ಬರನ್ನೂ ನೋಡಿದ.

"ಒಂದು ಮಾತು ತಿಳ್ಕೊಳ್ಳಿ. ಇದು ಮನೆ ಬಾಡಿಗೆ ಕರಾರಲ್ಲ. ಒಂದ್ಸಲ ಕೊಟ್ರೆ ವಾಪಸ್ ಅನ್ನೋದು ಇಲ್ಲ. ನಾಳೆ ನೀವು ಕಿತ್ತಾಡಿ ಬೇರೆ ಆದ್ರೂ ಮಗು ಅಣ್ಣಂದೇ."

ಯಾರು ಬೇರೆ ಆಗುತ್ತಾರೆ ಎಂದು ರಘುನಾಥ ಮೆಲ್ಲಗೆ ಹೇಳಿದ. ದ್ರೌಪದಮ್ಮ ಪತ್ರದ ಖರ್ಚು ಕೇಳಿ, ಒಂದು ಸಾವಿರ ಇಳಿಸಿಕೊಂಡಳು.

ಕೊಡುವ ಶಾಸ್ತ್ರ ಮನೆಯಲ್ಲೇ ಆಯಿತು. ಸಾಕ್ಷಿಗೆ ಫೋಟೋ ಬೇಕೆಂದು ಲಕ್ಕಣ್ಣ ಹೇಳಿದ್ದರಿಂದ ಹುಡುಗನೊಬ್ಬ ಕ್ಯಾಮರಾ ತಂದಿದ್ದ. ಎರಡು ಚಾಪೆ, ನಡುವೆ ಎಲೆ ಅಡಿಕೆ, ಅರಿಶಿನದ ನೀರು. ಶಿಲ್ಪ ಮದುವೆಯಲ್ಲಿ ಉಟ್ಟ ಸೀರೆಯನ್ನೇ ಉಟ್ಟುಕೊಂಡಿದ್ದಳು. ಮಗುವನ್ನು ಎತ್ತಿ ಧನಲಕ್ಷ್ಮಿಯ ಮಡಿಲಿಗೆ ಹಾಕಿದಳು. ಲಾಸ್ಯ ಅಲ್ಲಿ ಒಂದು ಗಳಿಗೆ ಕೂರದೆ ಎದ್ದು ಓಡಿ ಫ್ಯಾನಿನ ಕೆಳಗೆ ನಿಂತಳು. ಫೋಟೋ ಸರಿ ಬರಲಿಲ್ಲ, ಇನ್ನೊಂದು ಸಲ ಕೊಡಿ ಎಂದ ಹುಡುಗ. ಶಿಲ್ಪ ಎದ್ದುಹೋಗಿ ಕರೆತಂದು ಇನ್ನೊಂದು ಸಲ ಕೊಟ್ಟಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮಧ್ಯಾಹ್ನಕ್ಕೆ ಪಾಯಸ ಇತ್ತು. ಬಾಲರಾಜ ಟ್ರಿಪ್ಪಿದೆ ಎಂದು ಹೇಳಿ ಊಟಕ್ಕೆ ಬರಲಿಲ್ಲ.

ಆಧಾರು, ಜನನ ಪತ್ರ ಎಂದು ಕಚೇರಿ ಅಲೆದು ಆಷಾಢದ ಹೊತ್ತಿಗೆ ಕಂಪನಿಯ ವಿಮೆ ಕಾರ್ಡು ಬಂತು. ಅದರಲ್ಲಿ ಲಾಸ್ಯಳ ಹೆಸರಿನ ಕೆಳಗೆ ತಂದೆ ರಘುನಾಥ ಎಂದಿತ್ತು. ಪಾಠ ಮತ್ತೆ ಶುರುವಾಯಿತು, ಅದೇ ಗಂಗಾನಗರದಲ್ಲಿ, ವಿಮೆಯವರ ಪಟ್ಟಿಯಲ್ಲಿದ್ದ ಬೇರೊಂದು ಕೇಂದ್ರದಲ್ಲಿ.

ವಿಮೆಯವರದ್ದು ಒಂದು ಕಟ್ಟಳೆ. ವಾರಕ್ಕೊಮ್ಮೆ ತಂದೆಯೋ ತಾಯಿಯೋ ಪಾಠದಲ್ಲಿ ಮಗುವಿನ ಜೊತೆ ಕೂರಬೇಕು, ಮನೆಯಲ್ಲಿ ಮಾಡಿಸುವುದನ್ನು ಕಲಿಯಬೇಕು, ಸಹಿ ಹಾಕಬೇಕು. ಮೊದಲ ವಾರ ಇಬ್ಬರು ಸೊಸೆಯರೂ ಹೋದರು. ಒಳಗೆ ಧನಲಕ್ಷ್ಮಿ, ಹೊರಗಿನ ಬೆಂಚಿನ ಮೇಲೆ ಶಿಲ್ಪ. ಬಾಗಿಲಲ್ಲಿ ಕೂತ ಹುಡುಗಿ ಇವರು ಯಾರು ಎಂದು ಕೇಳಿದಳು. ನಮ್ಮ ವಾರಗಿತ್ತಿ ಎಂದಳು ಧನಲಕ್ಷ್ಮಿ. ಅದೇ ವಾರ ವಿಮೆ ಕಚೇರಿಯಿಂದ ಫೋನು ಮಾಡಿ ಮಗುವಿನ ಬಗ್ಗೆ ವಿಚಾರಿಸಿದರಂತೆ. ರಘುನಾಥ ಹೆದರಿದ. ಹೆತ್ತವಳೇ ದಿನಾ ಹೋಗಿ ಕೂತರೆ ದತ್ತು ಬರೀ ನಾಟಕ ಅಂದುಕೊಳ್ಳುತ್ತಾರೆ ಎಂದ. ಮರುದಿನದಿಂದ ಶಿಲ್ಪ ಹೋಗುವುದು ಬೇಡ ಎಂದು ದ್ರೌಪದಮ್ಮ ತೀರ್ಮಾನ ಮಾಡಿದಳು. ಇಬ್ಬರೂ ಹೋದರೆ ಅಡುಗೆ ಮಾಡುವವರು ಯಾರು ಎಂದೂ ಸೇರಿಸಿದಳು.

ಹೀಗೆ ಮನೆಯ ಕೆಲಸವೆಲ್ಲ ಶಿಲ್ಪಳ ಕೈಗೆ ಬಂತು. ಅಡುಗೆ, ಸಗಣಿ, ಕೆಳಗಿನ ಬಾಡಿಗೆ ಮನೆಯವರಿಗೆ ನೀರು ಬಿಡುವುದು, ಧನಲಕ್ಷ್ಮಿ ಒಪ್ಪಿಕೊಂಡಿದ್ದ ಸೀರೆಗಳಿಗೆ ಕುಚ್ಚು ಕಟ್ಟುವುದು. ಒಂದು ದಿನ ಧನಲಕ್ಷ್ಮಿ ಪಾಠ ಮುಗಿಸಿ ಬಂದು ಕೂತು ನೀರು ಕೇಳಿದಳು.

"ತಗೊಂಡ್ ಕುಡೀರಿ ಅಕ್ಕ, ನನ್ ಕೈಲಿ ಸಗಣಿ ಇದೆ," ಎಂದಳು ಶಿಲ್ಪ.

"ನಾನೇನ್ ಸಿನಿಮಾ ನೋಡ್ಕೊಂಡ್ ಬಂದಿಲ್ಲ ಕಣೆ. ಹೆಬ್ಬಾಳದಲ್ಲಿ ಒಂದ್ ಗಂಟೆ ಆಟೋಲಿ ನಿಂತಿದ್ವಿ, ಇವಳು ಕಿರುಚ್ತಾ ಇದ್ಲು."

"ಕಿರುಚಿಸ್ಕೊಳ್ಳೋಕಾದ್ರೂ ನನ್ನ ಕಳ್ಸಿ."

ದ್ರೌಪದಮ್ಮ ಒಳಗಿನಿಂದ ಕೂಗಿ ಇಬ್ಬರನ್ನೂ ಸುಮ್ಮನಾಗಿಸಿದಳು. ಆ ರಾತ್ರಿ ಒಂದು ಪಲ್ಯ ಕಡಿಮೆಯಾಯಿತು, ಯಾರೂ ಕೇಳಲಿಲ್ಲ.

ಪಾಠ ಹೇಳುವವಳು ಸಬಾ ಎಂಬ ಹುಡುಗಿ, ತಾಳ್ಮೆಯವಳು. ಮನೆಯವರ ಫೋಟೋಗಳನ್ನು ದಪ್ಪ ಕಾಗದಕ್ಕೆ ಅಂಟಿಸಿ, ತೋರಿಸಿ ತೋರಿಸಿ ಕರೆಯುವುದನ್ನು ಕಲಿಸುತ್ತಿದ್ದಳು. ಅಜ್ಜಿಯದು ಬೇಕು, ತಾತನದು ಬೇಕು, ಮೊದಲು ಅಮ್ಮನದು ಬೇಕು ಎಂದಿದ್ದಳು. ಧನಲಕ್ಷ್ಮಿ ಸಂಜೆ ಕೊಟ್ಟಿಗೆಗೆ ಬಂದು, ಹಾಲು ಕರೆಯುತ್ತಿದ್ದ ಅತ್ತೆಯ ಹಿಂದೆ ನಿಂತಳು.

"ಅಮ್ಮಂದು ಅಂತ ಯಾರ್ದು ಕೊಡ್ಲಿ ಅತ್ತೆ?"

ದ್ರೌಪದಮ್ಮ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. ವಿಮೆ ಕಚೇರಿಯ ಫೋನು ನೆನಪಾಯಿತು, ದೊಡ್ಡ ಮಗನ ಕೆಲಸ ನೆನಪಾಯಿತು, ಇನ್ನೂ ಬರಬೇಕಾದ ದುಡ್ಡು ನೆನಪಾಯಿತು.

"ನಿಂದೇ ಕೊಡು. ಶಿಲ್ಪಂಗೆ ಹೇಳ್ಬೇಡ, ಸುಮ್ಕೆ ನೊಂದ್ಕೊತಾಳೆ. ಅವ್ವ ಯಾರು ಅಂತ ಮಗೀಗೆ ಫೋಟೋ ನೋಡಿ ಗೊತ್ತಾಗ್ಬೇಕಾ?"

ಬೇರೆ ಮಕ್ಕಳಾಗಿದ್ದರೆ ಆ ಮಾತು ನಿಜ. ಲಾಸ್ಯಳಿಗೆ ಎಲ್ಲವನ್ನೂ ತೋರಿಸಿ ಕಲಿಸಬೇಕಾಗಿತ್ತು, ತೋರಿಸಿದ್ದನ್ನೇ ಅವಳು ಕಲಿಯುತ್ತಿದ್ದಳು. ವರ್ಷದಿಂದ ಅದನ್ನೇ ನೋಡುತ್ತಿದ್ದ ದ್ರೌಪದಮ್ಮನಿಗೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ.

ಮಗು ಸುಧಾರಿಸುತ್ತ ಬಂತು. ಕರೆದರೆ ತಿರುಗಿತು. ಬಾಯಾರಿದರೆ ಬಿಂದಿಗೆಯ ಕಡೆ ಬೆರಳು ತೋರಿಸಿತು. ಸಂಜೆ ತಲೆ ಬಾಚುವಾಗ ಶಿಲ್ಪ ಅವಳ ಕೈ ಹಿಡಿದು ತನ್ನ ಎದೆಗೆ ಮುಟ್ಟಿಸಿ, ಅಮ್ಮ ಅನ್ನು, ಅಮ್ಮ ಅನ್ನು ಎನ್ನುತ್ತಿದ್ದಳು. ಮಗು ಅವಳ ತುಟಿಯನ್ನೇ ನೋಡುತ್ತಿತ್ತು, ಹೇಳುತ್ತಿರಲಿಲ್ಲ. ಅದನ್ನು ಕಂಡಾಗಲೆಲ್ಲ ಧನಲಕ್ಷ್ಮಿ ಏನೋ ಕೆಲಸದ ನೆಪ ಮಾಡಿ ಹೊರಗೆ ಹೋಗುತ್ತಿದ್ದಳು.

ಆಯುಧಪೂಜೆಯ ದಿನ ಟ್ಯಾಂಕರಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಎಲ್ಲರೂ ಒಬ್ಬಟ್ಟಿನ ಊಟಕ್ಕೆ ಕೂತರು. ತುಮಕೂರಿನಿಂದ ರಘುನಾಥನ ಮಗನೂ ಬಂದಿದ್ದ. ಲಾಸ್ಯ ಶಿಲ್ಪಳ ತೊಡೆಯ ಮೇಲಿದ್ದಳು. ಶಿಲ್ಪ ಒಬ್ಬಟ್ಟು ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಧನಲಕ್ಷ್ಮಿ ತುಪ್ಪದ ಗಿಂಡಿ ಹಿಡಿದು ಅಡುಗೆಮನೆಯಿಂದ ಬಂದಳು. ಲಾಸ್ಯ ತೊಡೆಯಿಂದ ಇಳಿದು, ಎಲೆಗಳ ನಡುವೆ ನಡೆದುಹೋಗಿ, ಅವಳ ಸೀರೆಯ ನೆರಿಗೆ ಹಿಡಿದುಕೊಂಡಳು.

"ಅಮ್ಮ."

ಸ್ಪಷ್ಟವಾಗಿ ಹೇಳಿದಳು. ದ್ರೌಪದಮ್ಮನಿಗೆ ಮೊದಲು ಬಂದದ್ದು ಸಂತೋಷವೇ. ಮಾತು ಬಂತು, ದೇವರೇ, ಮಾತು ಬಂತು ಎಂದು ಎರಡೂ ಕೈ ಎತ್ತಿದವಳು ಶಿಲ್ಪಳ ಮುಖ ನೋಡಿ ಹಾಗೆಯೇ ಇಳಿಸಿದಳು. ಬ್ಯಾಟರಾಯಪ್ಪ ಅಗಿಯುವುದನ್ನು ನಿಲ್ಲಿಸಿದ್ದ. ಶಿಲ್ಪ ತುತ್ತು ಹಿಡಿದ ಕೈಯನ್ನು ಹಾಗೇ ಮುಂದೆ ಚಾಚಿಕೊಂಡು, "ಇಲ್ಲಿ ನೋಡು ಚಿನ್ನ, ಅಮ್ಮ ಎಲ್ಲಿ?" ಎಂದು ಕೇಳಿದಳು. ಮಗು ಬೆರಳೆತ್ತಿ, ಕಲಿಸಿದ ಹಾಗೆಯೇ, ಧನಲಕ್ಷ್ಮಿಯನ್ನು ತೋರಿಸಿತು.

"ನಾನ್ ಹೇಳ್ಕೊಡ್ಲಿಲ್ಲ ಶಿಲ್ಪ," ಎಂದಳು ಧನಲಕ್ಷ್ಮಿ. ಗಿಂಡಿ ಕೆಳಗಿಟ್ಟು ಅಲ್ಲೇ ಕೂತು, "ಹೇಳ್ಕೊಟ್ಟೆ," ಎಂದಳು. ಫೋಟೋದ ವಿಷಯ ಹೊರಗೆ ಬಂತು.

ಬಾಲರಾಜ ಎಲೆಯ ಮುಂದಿನಿಂದ ಎದ್ದ. ಅಣ್ಣನ ಮೇಲೆ ಹೋದ. ದುಡ್ಡು ಕೊಡುತ್ತೇನೆಂದು ಮಗಳನ್ನೇ ಕದ್ದೆಯಲ್ಲೋ ಎಂದ. ನಾನು ಕೇಳಿಕೊಂಡು ಬಂದಿದ್ದೆನಾ ಎಂದ ರಘುನಾಥ. ರಘುನಾಥನ ಮಗ ಎದ್ದು ಇಬ್ಬರ ನಡುವೆ ನಿಂತ. ಗಲಾಟೆಗೆ ಲಾಸ್ಯ ಕಿವಿ ಮುಚ್ಚಿಕೊಂಡು ಕೂಗತೊಡಗಿದಳು.

ದ್ರೌಪದಮ್ಮ ಹೇಳಿದಳು. "ಅವಳನ್ನ ಯಾಕ್ ಬೈತೀರ. ಫೋಟೋ ಕೊಡು ಅಂದೋಳು ನಾನು."

ಬಾಲರಾಜ ತಾಯಿಯ ಕಡೆ ತಿರುಗಿ ನೋಡಿ, ಹೊರಗೆ ಹೋದ. ಕಿರುಚುತ್ತಿದ್ದ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಿದವಳು ಶಿಲ್ಪ. ಹಾಗೆ ಕೂಗುವಾಗ ಅವಳಲ್ಲದೆ ಇನ್ನು ಯಾರ ಕೈಗೂ ಅದು ಒಗ್ಗುತ್ತಿರಲಿಲ್ಲ.

ಹಬ್ಬ ಕಳೆದ ಮೇಲೆ ಶಿಲ್ಪ ಗಂಗಾನಗರಕ್ಕೆ ಹೊರಟಳು. ಯಾರೂ ಕರೆಯದಿದ್ದರೂ ದ್ರೌಪದಮ್ಮನೂ ಆಟೋ ಹತ್ತಿದಳು. ಸಬಾ ಎಲ್ಲ ಕೇಳಿಸಿಕೊಂಡಳು.

"ದತ್ತು ಅಂತ ನನಗೆ ಗೊತ್ತಿತ್ತು ಆಂಟಿ, ಹೆತ್ತವರು ಅದೇ ಮನೇಲಿ ಇದ್ದಾರೆ ಅಂತ ಗೊತ್ತಿರಲಿಲ್ಲ. ಇದರಲ್ಲಿ ಮುಚ್ಚಿಡೋದು ಏನಿತ್ತು? ಕಾಗದ ಸರಿಯಾಗಿದೆ. ಹೇಳಿದ್ರೆ ಮೊದಲ ದಿನವೇ ಇಬ್ಬರಿಗೂ ಬೇರೆ ಬೇರೆ ಹೆಸರು ಇಟ್ಟು ಕಲಿಸ್ತಿದ್ದೆ."

ಮುಚ್ಚಿಡುವಂಥದ್ದು ಏನೂ ಇರಲಿಲ್ಲ ಎಂಬ ಮಾತು ದ್ರೌಪದಮ್ಮನಿಗೆ ತಗುಲಿತು. ಯಾರೂ ಕೇಳದ ಪ್ರಶ್ನೆಗೆ ಹೆದರಿ ಅವಳು ಉತ್ತರ ಕೊಟ್ಟಿದ್ದಳು.

ಈಗ ಬದಲಾಯಿಸಲು ಆಗುವುದಿಲ್ಲವೇ ಎಂದು ಶಿಲ್ಪ ಕೇಳಿದಳು. ಪ್ರಯತ್ನ ಮಾಡಬಹುದು ಎಂದಳು ಸಬಾ. ಆದರೆ ಮಗು ತಾನಾಗಿ ಕರೆದ ಮೊದಲ ಮಾತು ಅದು. ಅದು ತಪ್ಪು ಎಂದು ಈಗ ಹೇಳಿದರೆ ಲಾಸ್ಯ ಕರೆಯುವುದನ್ನೇ ಬಿಟ್ಟುಬಿಡಬಹುದು, ಅಂಥದ್ದನ್ನು ತಾನು ನೋಡಿದ್ದೇನೆ. ಒಂದು ಹೆಸರಿಗೆ ಇಬ್ಬರು ಎಂದರೂ ಸದ್ಯಕ್ಕೆ ಅವಳಿಗೆ ಗೊಂದಲ. ಇನ್ನಷ್ಟು ಮಾತು ಬರಲಿ, ಆಮೇಲೆ ನೋಡೋಣ, ಖಂಡಿತ ಎಂದು ಹೇಳಲಾರೆ ಎಂದಳು.

ಒಳಗಿನ ಕೋಣೆಯಿಂದ ಬೇರೆ ಯಾವುದೋ ಮಗುವಿನ ಚಪ್ಪಾಳೆ ಕೇಳುತ್ತಿತ್ತು. ಶಿಲ್ಪ ಚೀಲದಿಂದ ತನ್ನದೊಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಮನೆಯಿಂದ ಬರುವಾಗಲೇ ತಂದಿದ್ದಳು.

"ಬಂದಿರೋ ಮಾತು ಕಿತ್ಕೊಳ್ಳೋದು ಬೇಡ. ಇದನ್ನೂ ಅಂಟಿಸ್ಕೊಳ್ಳಿ. ಚಿಕ್ಕಮ್ಮ ಅನ್ನೋದು ಉದ್ದ, ಚಿಕ್ಕಿ ಅಂತ ಹೇಳ್ಕೊಡಿ."

"ಬ್ಯಾಡ ಕಣಮ್ಮ, ಸ್ವಲ್ಪ ತಾಳು," ಎಂದಳು ದ್ರೌಪದಮ್ಮ.

"ನೀವ್ ಸುಮ್ನಿರಿ ಅತ್ತೆ."

ಮದುವೆಯಾಗಿ ಬಂದ ಮೇಲೆ ಅವಳು ಅತ್ತೆಗೆ ಹಾಗೆ ಹೇಳಿದ್ದು ಅದೇ ಮೊದಲು.

ದೀಪಾವಳಿಗೆ ಅಣ್ಣತಮ್ಮಂದಿರು ಮತ್ತೆ ಮಾತಾಡಿದರು, ಟ್ಯಾಂಕರಿನ ಟೈರಿನ ವಿಷಯಕ್ಕೆ. ಪಾಠಕ್ಕೆ ಧನಲಕ್ಷ್ಮಿಯೇ ಹೋಗುತ್ತಿದ್ದಳು, ಶಿಲ್ಪಳೂ ಜೊತೆಗೆ ಹೋಗುತ್ತಿದ್ದಳು. ವಿಮೆಯವರು ಯಾರೂ ಏನೂ ಕೇಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಗು ಶಿಲ್ಪಳ ಸೆರಗು ಎಳೆದು "ಚಿಕ್ಕಿ, ನೀರು" ಎಂದಿತು. ಎರಡು ಮಾತು ಒಟ್ಟಿಗೆ ಸೇರಿಸಿ ಹೇಳಿದ್ದು ಅದೇ ಮೊದಲು. ಶಿಲ್ಪ ಓಡಿಹೋಗಿ ನೀರು ತಂದು ಕುಡಿಸಿದಳು. ಆ ದಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಅವಳೇ, ಮತ್ತು ಕೊಟ್ಟಿಗೆಯ ಹಿಂದೆ ಹೋಗಿ ಅತ್ತವಳೂ ಅವಳೇ.

ಮಾರ್ಚ್ ಮುಗಿಯುವುದರೊಳಗೆ ವಿಮೆಯವರು ಎರಡು ಲಕ್ಷವನ್ನೂ ಕೊಟ್ಟಿದ್ದರು, ಬರುವ ವರ್ಷದ್ದೂ ಮಂಜೂರಾಗಿತ್ತು. ಟ್ಯಾಂಕರ್ ಮಾರಬೇಕಾಗಲಿಲ್ಲ. ಲಾಸ್ಯ ತಾತನನ್ನು ಕರೆಯುತ್ತಾಳೆ, ಬೇಕು ಬೇಡ ಎನ್ನುತ್ತಾಳೆ, ಅಂಗನವಾಡಿಯಲ್ಲಿ ಅರ್ಧ ದಿನ ಕೂರುತ್ತಾಳೆ. ಮಾತು ಬಂದಿದೆ. ಶಿಲ್ಪಳಿಗೆ ಇರುವುದು ಅದೊಂದೇ ಮಗು, ಅವಳನ್ನು ಅಮ್ಮ ಎಂದು ಕರೆಯುವವರು ಯಾರೂ ಇಲ್ಲ.